ಬೆಲ್ಟಿಲ್ಲದ ಮಿಷೀನು

ನನ್ನ ಮೇಜಿನ ಮೇಲೆ ಒಂದು ಲೋಹದ ಬಿಲ್ಲೆ ಇದೆ. ಹಳೆಯ ದೊಡ್ಡ ರೂಪಾಯಿಗಿಂತ ತುಸು ಅಗಲ, ಅದಕ್ಕಿಂತ ಬಹಳ ದಪ್ಪ, ನಡುವೆ ಒಂದು ಸಣ್ಣ ತೂತು. ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಅದನ್ನು ಎತ್ತಿ, ತಿರುಗಿಸಿ, ತೂಗಿ ನೋಡಿ ಏನಿದು ಎಂದು ಕೇಳುತ್ತಾರೆ. ಪಕ್ಕದ ಮನೆಯವರು ಅಕ್ಕಸಾಲಿಗರ ತಕ್ಕಡಿಯ ತೂಕ ಎಂದು ತಿಳಿದಿದ್ದರು. ನನ್ನ ಹೆಂಡತಿ ಒಂದು ಸಲ ಅದನ್ನು ಅಡುಗೆಮನೆಗೆ ಒಯ್ದು ನಿಪ್ಪಟ್ಟು ಒತ್ತಲು ನೋಡಿದಳು. ಭಾರ ಚೆನ್ನಾಗಿದೆ, ಅಗಲ ಸಾಲದು ಎಂದು ತಂದಿಟ್ಟಳು. ಅದರ ನಿಜವಾದ ಕೆಲಸ ಬೇರೆ. ನಡುವೆ ದೊಡ್ಡ ತೂತಿರುವ ಗ್ರಾಮಫೋನ್ ಪ್ಲೇಟುಗಳು ಇರುತ್ತವಲ್ಲ, ಅವುಗಳ ತೂತು ತುಂಬಿಸಿ ಟರ್ನ್‌ಟೇಬಲ್ ಮೇಲೆ ಕೂರಿಸಲು ಅದು ಬೇಕು. ನಮ್ಮಲ್ಲಿದ್ದದ್ದು ಒಂದೇ ಒಂದು ಪ್ಲೇಟು, ಅದರ ತೂತು ಸಣ್ಣದು. ಹಾಗಾಗಿ ಬಿಲ್ಲೆ ನಮ್ಮ ಮನೆಗೆ ಬಂದ ದಿನದಿಂದಲೇ ನಿರುದ್ಯೋಗಿ.

ಅದು ಬಂದದ್ದು ತೊಂಬತ್ತರ ದಶಕದ ಕೊನೆಯ ಯಾವುದೋ ವರ್ಷ. ಯಾವ ವರ್ಷ ಎಂದು ಆಣೆ ಮಾಡಿ ಹೇಳಲಾರೆ. ನಮ್ಮ ಮದುವೆಗೆ ಮುಂಚೆ ಎಂದು ಹೆಂಡತಿ ಹೇಳುತ್ತಾಳೆ, ಆಮೇಲೆ ಎಂದು ನನಗೆ ಅನಿಸುತ್ತದೆ. ಅವಳು ಅಲ್ಲಿರಲೇ ಇಲ್ಲ, ನಾನು ಇದ್ದೆ. ಆದ್ದರಿಂದ ಅವಳು ಹೇಳಿದ್ದೇ ಸರಿ ಇರಬೇಕು. ನೆನಪಿನ ವಿಷಯದಲ್ಲಿ ಕಣ್ಣಾರೆ ಕಂಡವರನ್ನು ನಾನು ಸುಲಭವಾಗಿ ನಂಬುವುದಿಲ್ಲ, ನನ್ನನ್ನಂತೂ ಮೊದಲೇ ಇಲ್ಲ.

ಈ ಗುಣ ಧಾರವಾಡದಲ್ಲಿ ಫಿಜಿಕ್ಸ್ ಓದುವಾಗ ಅಂಟಿಕೊಂಡದ್ದು. ಊರಿಗೆ ಬಂದವನು ಎಲ್ಲರನ್ನೂ ಪುರಾವೆ ಕೇಳತೊಡಗಿದೆ. ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ ಮೇಲೆ ಹುಡುಗರು ನನಗೆ ಪ್ರೂಫ್ ಮೇಷ್ಟ್ರು ಎಂದು ಹೆಸರಿಟ್ಟರು. ಬಂಧುಬಳಗ ಕೂಡುವ ಕಡೆ ನನ್ನ ಪಕ್ಕದ ಎಲೆ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಅಜ್ಜನ ಕಾಲದ ಪವಾಡ, ಹಾವು ದಾರಿ ಬಿಟ್ಟದ್ದು, ಕನಸಿನಲ್ಲಿ ಸ್ವಾಮಿ ಬಂದದ್ದು, ಯಾವುದನ್ನೂ ನಾನು ಸುಮ್ಮನೆ ಹೋಗಗೊಡುತ್ತಿರಲಿಲ್ಲ. ಅನುಮಾನಿಸದೆ ಬಿಟ್ಟದ್ದು ಒಂದೇ: ನಮ್ಮವ್ವನ ದನಿ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮೂರು ತುಂಬಿ ನಾಲ್ಕರಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಹಡಗಲಿಯಲ್ಲಿ ಇನ್ನೊಂದು ಸಂಸಾರ ಹೂಡಿದರು. ನನ್ನನ್ನು ಸಾಕಿದವಳು ಕೊಟ್ಟೂರಿನಲ್ಲಿದ್ದ ಅವ್ವನ ತಂಗಿ, ನನ್ನ ಚಿಗವ್ವ. ಅವಳ ಗಂಡ, ನನ್ನ ಕಾಕಾ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಪಂಕ್ಚರ್ ಹಾಕುವುದು, ಬಾಡಿಗೆ ಸೈಕಲ್ ಕೊಡುವುದು. ನಮ್ಮ ಮನೆಯಲ್ಲಿ ಕೆಟ್ಟುಹೋದದ್ದೆಲ್ಲ ಸೈಕಲ್ ಟ್ಯೂಬಿನಿಂದ ಸರಿಯಾಗುತ್ತಿತ್ತು. ನಳದ ಬಾಯಿಗೆ ಟ್ಯೂಬು, ಬಾಗಿಲ ಚಿಲಕಕ್ಕೆ ಟ್ಯೂಬು, ನನ್ನ ಜಾರುವ ಚಡ್ಡಿಗೆ ಟ್ಯೂಬು. ಕುಕ್ಕರಿಗೂ ಒಮ್ಮೆ ಟ್ಯೂಬನ್ನೇ ಕತ್ತರಿಸಿ ಹಾಕಿದ್ದ. ಆ ವಾರ ಅನ್ನಕ್ಕೆ ಪಂಕ್ಚರ್ ಅಂಗಡಿಯ ವಾಸನೆ. ಮನೆಯಲ್ಲಿ ಪೆಟ್ಟಿಗೆಯಂಥ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಅದರ ಬೆಲ್ಟು ಹರಿದಾಗಲೂ ಕಾಕಾ ಅಂಗಡಿಯಿಂದ ಒಂದು ಟ್ಯೂಬಿನ ಉಂಗುರ ಕತ್ತರಿಸಿ ತಂದು ತೊಡಿಸಿದ.

ಪ್ಲೇಟು ಒಂದೇ ಎಂದೆನಲ್ಲ, ಅದರದೂ ಒಂದು ಕಥೆ. ಅವ್ವ ಮತ್ತು ಚಿಗವ್ವನ ತವರು ಕೋಗಳಿ. ಹುಡುಗಿಯರಾಗಿದ್ದಾಗ ಇಬ್ಬರೂ ಸೋಮವಾರದ ಭಜನೆಯಲ್ಲಿ ತತ್ವಪದ ಹೇಳುತ್ತಿದ್ದರಂತೆ. ಕೊಟ್ಟೂರಿನಲ್ಲಿ ಕಡಲೆ ಎಣ್ಣೆಯ ಮಿಲ್ಲು ಇಟ್ಟಿದ್ದ ಸಾವ್ಕಾರರೊಬ್ಬರು ಅದನ್ನು ಕೇಳಿ, ತಮ್ಮ ಎಣ್ಣೆಯ ಹೆಸರು ನಾಲ್ಕು ಊರಿಗೆ ಮುಟ್ಟಲಿ ಎಂದು, ಇವರನ್ನು ಮದರಾಸಿಗೆ ಕರೆದೊಯ್ದು ಒಂದು ಪ್ಲೇಟು ಮಾಡಿಸಿದರು. ಆ ಕಡೆ ಒಂದು ಪದ, ಈ ಕಡೆ ಒಂದು ಪದ. ನಡುವಿನ ಚೀಟಿಯ ಮೇಲೆ ಎಣ್ಣೆ ಡಬ್ಬಿಯ ಚಿತ್ರ, ಕೆಳಗೆ ‘ಕೋಗಳಿ ಸಹೋದರಿಯರು’ ಎಂದು ಮಾತ್ರ. ಆದರೆ ಕೇಳಿಸುವುದು ಒಂದೇ ದನಿ. ಚಿಗವ್ವನಿಗೆ ಅವತ್ತು ಗಂಟಲು ಕಟ್ಟಿತ್ತು, ಎರಡೂ ಪದ ಅವ್ವನೇ ಹಾಡಿದಳು. ಹೀಗೆಂದು ಹೇಳಿದವಳು ಚಿಗವ್ವ.

ಸೋಮವಾರ ಸಂಜೆ ಚಿಗವ್ವ ಟ್ರಂಕಿನಿಂದ ಆ ಪ್ಲೇಟು ತೆಗೆದು, ಸೆರಗಿನಲ್ಲಿ ಒರೆಸಿ, ಮಿಷೀನಿನ ಮೇಲಿಡುತ್ತಿದ್ದಳು. “ಬಾ, ನಿಮ್ಮವ್ವ ಹಾಡ್ತಾಳ” ಎನ್ನುತ್ತಿದ್ದಳು. ತಗ್ಗಿನ ದನಿ, ದಪ್ಪ, ಸ್ವಲ್ಪ ತೂಗಾಡುವಂಥದ್ದು. ತುಂಬಿದ ಕೊಡ ಹೊತ್ತು ನಿಧಾನ ಮೆಟ್ಟಿಲು ಹತ್ತುವವರ ಹಾಗೆ ಅದು ಒಂದೊಂದೇ ಮಾತಿಗೆ ಕಾಲಿಡುತ್ತಿತ್ತು. ಅವ್ವನ ಫೋಟೋ ಒಂದಿತ್ತು. ಅದರಲ್ಲಿ ಅವಳ ಮುಖದ ಅರ್ಧ ಸೆರಗಿನ ನೆರಳು. ಅಂದಮೇಲೆ ನನ್ನ ಪಾಲಿಗೆ ಅವ್ವ ಎಂದರೆ ಆ ದನಿಯೇ. ಜ್ವರ ಬಂದಾಗ, ಪೆಟ್ಟು ತಿಂದಾಗ, ಧಾರವಾಡದ ಹಾಸ್ಟೆಲಿನಲ್ಲಿ ಒಂಟಿ ಎನಿಸಿದಾಗ, ಕಣ್ಣು ಮುಚ್ಚಿದರೆ ಅದೇ ಬರುತ್ತಿತ್ತು.

ಚಿಗವ್ವ ಮಾತ್ರ ಹಾಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಕರೆದರೆ “ನನಗೆಲ್ಲಿ ಬರತೈತ್ರಿ, ಹಾಡಾಕಿ ನಮ್ಮಕ್ಕ” ಎಂದು ಹಿಟ್ಟು ನಾದಲು ಒಳಗೆ ಹೋಗಿಬಿಡುತ್ತಿದ್ದಳು. ಅವಳ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಹುಡುಗಿಯಾಗಿದ್ದಾಗ ಕೋಗಳಿಯ ಬಾವಿಯ ಪಾವಟಿಗೆಯಲ್ಲಿ ಜಾರಿ ಬಿದ್ದದ್ದು. ಆ ಸಂದಿಯಿಂದಾಗಿ ಅವಳು ಬಾಯಿಂದ ಉಸಿರೆಳೆದುಕೊಂಡಾಗಲೆಲ್ಲ ಸುಯ್ ಎಂದು ಸಣ್ಣ ಸಿಳ್ಳು ಬರುತ್ತಿತ್ತು. ನಾನು ಮಂಚದ ಕೆಳಗೆ ಅಡಗಿ ಕೂತಾಗ ಅವಳು ಎಷ್ಟು ಮೆಲ್ಲಗೆ ಬಂದರೂ ಬಗ್ಗುವ ಹೊತ್ತಿಗೆ ಆ ಸಿಳ್ಳು ಕೇಳಿಸುತ್ತಿತ್ತು, ನಾನು ಆ ಕಡೆಯಿಂದ ಓಡಿಬಿಡುತ್ತಿದ್ದೆ. ಒಮ್ಮೆಯೂ ಅವಳ ಕೈಗೆ ಸಿಗಲಿಲ್ಲ ಎಂದು ನನಗೆ ನೆನಪು. ಸಿಗುತ್ತಿದ್ದೆ, ಅವಳೇ ಬಿಟ್ಟುಬಿಡುತ್ತಿದ್ದಳು ಎಂದು ಕಾಕಾ ಹೇಳುತ್ತಿದ್ದ.

ಧಾರವಾಡದಲ್ಲಿ ಗೆಳೆಯನ ಮನೆಯಲ್ಲಿ ಒಳ್ಳೆಯ ಮಿಷೀನಿನ ಮೇಲೆ ಪ್ಲೇಟು ತಿರುಗುವುದನ್ನು ನೋಡಿದ ಮೇಲೆ ನನಗೆ ಒಂದು ಹುಳ ಹೊಕ್ಕಿತು. ರಜೆಗೆ ಬಂದವನು ನಮ್ಮ ಪ್ಲೇಟಿನ ಅಂಚಿಗೆ ಕಾಗದದ ಚೂರು ಅಂಟಿಸಿ, ಕೈಗಡಿಯಾರ ಹಿಡಿದು ಸುತ್ತು ಎಣಿಸಿದೆ. ನಿಮಿಷಕ್ಕೆ ನಲವತ್ತೈದು ಸುತ್ತಬೇಕಿದ್ದ ಪ್ಲೇಟು ನಲವತ್ತೊಂದೂವರೆ ಸುತ್ತುತ್ತಿತ್ತು. ಟ್ಯೂಬು ಸಡಿಲ, ಜಾರುತ್ತಿತ್ತು. ವೇಗ ಇಳಿದರೆ ದನಿಯೂ ಇಳಿಯುತ್ತದೆ. ಅಂದರೆ ಇಷ್ಟು ವರ್ಷ ನಾನು ಕೇಳಿದ್ದು ಅವ್ವನ ದನಿಯಲ್ಲ, ಸೈಕಲ್ ಟ್ಯೂಬು ಕೆಳಗೆಳೆದ ಅವ್ವನ ದನಿ. ಇದನ್ನು ಬಹಳ ದೊಡ್ಡ ಸಂಶೋಧನೆಯಂತೆ ಊಟದ ಹೊತ್ತಿಗೆ ಹೇಳಿದೆ. ಕಾಕಾ ರೊಟ್ಟಿ ಮುರಿಯುತ್ತಾ “ಇರ್ಲಿ ಬಿಡೋ ಕೊಟ್ರೇಶಿ, ಹಾಡಾಕತ್ತೈತಲ್ಲ” ಎಂದ. ಚಿಗವ್ವ ನನಗೆ ಬಡಿಸಲು ಎತ್ತಿದ್ದ ಪಲ್ಯವನ್ನು ತಿರುಗಿ ಪಾತ್ರೆಗೇ ಹಾಕಿದಳು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಅಥವಾ ಹಾಗೆ ನಡೆಯಲೇ ಇಲ್ಲ, ಆಮೇಲಿನದೆಲ್ಲ ಗೊತ್ತಾದ ಮೇಲೆ ನಾನೇ ಸೇರಿಸಿಕೊಂಡೆನೋ ಏನೋ.

ಕೆಲಸಕ್ಕೆ ಸೇರಿದ ಮೇಲೆ ಹಗರಿಬೊಮ್ಮನಹಳ್ಳಿಯ ಖಾಜಾಸಾಬ್ ಸಿಕ್ಕ. ಮೈಕ್ ಸೆಟ್ಟಿನವನು, ಸುತ್ತಲಿನ ಐದೂ ತಾಲ್ಲೂಕಿನ ಮದುವೆಗಳಿಗೆ ಅವನ ಹಾರನ್ನುಗಳೇ. ಅವನ ಅಣ್ಣ ಕುವೈತಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು, ಅಲ್ಲಿಂದ ಬರುವಾಗ ಒಂದು ಟರ್ನ್‌ಟೇಬಲ್ ತಂದಿದ್ದನಂತೆ. ಕ್ಯಾಸೆಟ್ಟು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಕೌದಿ ಹೊದಿಸಿ ಅಟ್ಟದ ಮೇಲಿಟ್ಟಿದ್ದ. ಕೌದಿ ತೆಗೆದ. ಬೂದು ಬಣ್ಣದ ಭಾರವಾದ ಮೈ, ಹಂಸದ ಕತ್ತಿನಂತೆ ಬಾಗಿದ ತೋಳು, ತಟ್ಟೆಯ ಅಂಚಿಗೆಲ್ಲ ಸಾಲು ಸಾಲು ಚುಕ್ಕೆ. ಎತ್ತಲು ಹೋದರೆ ಸೊಂಟ ಹಿಡಿಯಿತು.

“ಇದಕ್ಕ ಬೆಲ್ಟಿಲ್ಲ, ರಬ್ಬರ್ ಗಾಲಿ ಇಲ್ಲ ನೋಡ್ರಿ ಸಾರ್,” ಎಂದ ಖಾಜಾಸಾಬ್. “ಮೋಟ್ರ ಮ್ಯಾಲೇ ತಾಟು ಕುಂತೈತಿ. ಮೋಟ್ರ ಅಂದ್ರ ತಾಟು, ತಾಟು ಅಂದ್ರ ಮೋಟ್ರ. ನಡುವ ದಲಾಲಿ ಇಲ್ಲ.”

ಗುಂಡಿ ಒತ್ತಿದ. ತಟ್ಟೆ ಯೋಚಿಸದೆ ತಿರುಗಿತು. ನಮ್ಮ ಮನೆಯದರಂತೆ ನರಳಿ, ಮೈ ಮುರಿದು ಏಳಲಿಲ್ಲ. ಮೂಲೆಯಲ್ಲಿದ್ದ ಕೆಂಪು ದೀಪದ ಬೆಳಕು ಅಂಚಿನ ಚುಕ್ಕೆಗಳ ಮೇಲೆ ಬಿತ್ತು.

“ಆ ದೊಡ್ಡ ಚುಕ್ಕಿ ಸಾಲು ನೋಡ್ರಿ. ತಿರುಗಾಕತ್ತೈತಿ, ಆದ್ರ ನಿಂತಂಗ ಕಾಣ್ತೈತಿ. ನಿಂತಂಗ ಕಂಡ್ರ ಸ್ಪೀಡು ಬರೋಬ್ಬರಿ ಅಂತ. ಈ ಜಾರು ಗುಂಡಿ ಮ್ಯಾಲೆ ಸರಿಸಿದ್ರ ಇಳೀತೈತಿ, ಕೆಳಗ ಸರಿಸಿದ್ರ ಏರ್ತೈತಿ. ನಡುವ ಇಟ್ರಿ ಅಂದ್ರ ಸುಳ್ಳು ಹೇಳಂಗಿಲ್ಲ.”

ಸುಳ್ಳು ಹೇಳದ ಮಿಷೀನು. ನನ್ನಂಥವನಿಗೆ ಇದಕ್ಕಿಂತ ಹೆಚ್ಚೇನು ಬೇಕು.

ಅದನ್ನು ಕೊಂಡು, ಜೊತೆಗಿದ್ದ ಬಿಲ್ಲೆಯನ್ನು ಜೇಬಿಗೆ ಹಾಕಿ, ಮಿಷೀನನ್ನು ಗೋಣಿಯಲ್ಲಿ ಸುತ್ತಿ ಕೊಟ್ಟೂರು ಬಸ್ಸು ಹತ್ತಿದೆ. ಕಂಡಕ್ಟರು ಕಾಲಿನಿಂದ ಮುಟ್ಟಿ ನೋಡಿ, “ಏನ್ರಿ ಮೇಷ್ಟ್ರೇ, ಮದಿವಿ ಮನಿ ರೊಟ್ಟಿ ಹಂಚೇನು?” ಎಂದ.

“ಹಾಡು ಹಚ್ಚೋ ಮಿಷೀನು.”

“ಹಾಡಿಗೆ ಇಷ್ಟು ತೂಕಾನ? ನನ್ನ ಟೇಪ್ ರೆಕಾರ್ಡ್ರು ಚೀಲದಾಗ ಹಿಡೀತೈತಿ.”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ದಾರಿಯುದ್ದಕ್ಕೂ ಅದನ್ನು ಎರಡೂ ಮೊಣಕಾಲ ನಡುವೆ ಒತ್ತಿ ಹಿಡಿದಿದ್ದೆ. ಇನ್ನೊಂದು ಗಂಟೆಯಲ್ಲಿ ಅವ್ವನ ನಿಜವಾದ ದನಿ ಕೇಳುತ್ತೇನೆ ಎಂದು ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದೆ.

ಕೇಳಲಿಲ್ಲ. ಅವತ್ತು ಅಮಾವಾಸ್ಯೆ ಎಂದಳು ಚಿಗವ್ವ. ಹೊಸ ಮಿಷೀನು ಹಚ್ಚಬಾರದಂತೆ. ನಾನು ಎಂದಿನ ಭಾಷಣ ಶುರುಮಾಡಿದೆ, ಅವಳು ಎಂದಿನಂತೆ ಎದ್ದುಹೋದಳು. ಹೇಗೂ ಅವತ್ತು ಆಂಪ್ಲಿಫೈಯರ್ ಇರಲಿಲ್ಲ ಎನ್ನಿ. ಮುಂದಿನ ಭಾನುವಾರ ಹೋದರೆ ಬೀದಿಯಲ್ಲಿ ಯಾರದೋ ಸಾವು, ಮನೆಯಲ್ಲಿ ಹಾಡು ಹಚ್ಚಬಾರದು. ಸತ್ತವರು ಯಾರು ಎಂದು ಕಾಕಾನನ್ನು ಕೇಳಿದೆ. ಅವನು ಒಂದು ಹೆಸರು ಹೇಳಿದ. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಆ ಹೆಸರಿನ ಮನುಷ್ಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ.

ಅಲ್ಲಿಂದ ನನ್ನ ಅನುಮಾನ ತಿರುಗಿತು. ಪ್ಲೇಟು ಒಡೆದುಹೋಗಿದೆ, ಹೇಳಲು ಹೆದರುತ್ತಿದ್ದಾರೆ ಎಂದುಕೊಂಡೆ. ಯಾರಿಗೋ ಕೊಟ್ಟುಬಿಟ್ಟಿದ್ದಾರೆ ಎಂದುಕೊಂಡೆ. ವಾರವಿಡೀ ಕ್ಲಾಸಿನಲ್ಲಿ ಪಾಠ ಮಾಡುತ್ತಾ ಒಳಗೊಳಗೇ ವಿಚಾರಣೆ ನಡೆಸಿದೆ. ಚಿಗವ್ವ ನನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ ಎಂಬುದು ಮಾತ್ರ ಖಚಿತವಾಗಿತ್ತು, ಮತ್ತು ಅದು ಅವ್ವನಿಗೆ ಸಂಬಂಧಿಸಿದ್ದು.

ಮೂರನೇ ಭಾನುವಾರ ಖಾಜಾಸಾಬ್‌ನನ್ನೇ ಕರೆದುಕೊಂಡು ಹೋದೆ. ಅವನು ಲಗೇಜ್ ಆಟೋದಲ್ಲಿ ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ತಂದ. ಪಡಸಾಲೆಯಲ್ಲಿ ಹಲಗೆಯಿಟ್ಟು, ನೀರು ತುಂಬಿದ ಲೋಟವನ್ನು ಮೇಲಿಟ್ಟು ಮಟ್ಟ ನೋಡಿ, ವೈರು ಜೋಡಿಸಿದ. ತೋಳಿನ ತುದಿಗೆ ಹೊಸ ಮುಳ್ಳು ಹಾಕಿದ. ಮಧ್ಯಾಹ್ನದ ಬಿಸಿಲು, ಫ್ಯಾನು ತಿರುಗಿದರೆ ಮುಳ್ಳು ಅಲುಗುತ್ತದೆಂದು ಅದನ್ನೂ ನಿಲ್ಲಿಸಿಬಿಟ್ಟಿದ್ದ. ಚಿಗವ್ವ ಚಹಾ ತಂದಿಟ್ಟಳು.

“ಪ್ಲೇಟು?” ಎಂದೆ.

“ಸಿಗವಲ್ದಪ.”

“ಎಲ್ಲಿಟ್ಟಿದ್ದಿ?”

“ಇಲ್ಲೇ ಎಲ್ಲೋ ಇಟ್ಟೀನಿ. ನೆಪ್ಪಾಗವಲ್ದು.”

“ಟ್ರಂಕಿನಾಗ ಇರತಿತ್ತು. ಬೀಗದ ಕೈ ಕೊಡು, ನಾ ನೋಡ್ತೀನಿ.”

ಅವಳ ಕೈ ಸೆರಗಿನ ಗಂಟಿಗೆ ಹೋಯಿತು, ಅಲ್ಲೇ ನಿಂತಿತು. ಕಾಕಾ ನಡುವೆ ಬಾಯಿ ಹಾಕಿದ: “ಲೇ ಕೊಟ್ರೇಶಿ, ಹಳೇ ಪ್ಲೇಟು ಹಳೇ ಮಿಷೀನಿಗೇ ಇರ್ಲಿ. ಇದಕ್ಕ ಬ್ಯಾರೆ ಯಾವುದರ ಹೊಸಾದು ತಗೊಂಬಾ. ಸಾಬ್ರ ಕಡೆ ಸಿನಿಮಾದ್ದು ಇರತಾವು.”

“ಅದಾವ್ರಿ, ಗಂಟು ಗಂಟು ಅದಾವು,” ಎಂದ ಖಾಜಾಸಾಬ್, ಏನೂ ತಿಳಿಯದೆ.

ಆಗ ನನಗೆ ಸಿಟ್ಟು ಬಂತು. ಮೂರು ವಾರದ ಸಿಟ್ಟು. “ಅದು ನಮ್ಮವ್ವನ ದನಿ,” ಎಂದೆ. “ಅದು ಬಿಟ್ರ ಆಕಿದು ನನಗೇನೂ ಇಲ್ಲ. ಅದನ್ನ ತಡಿಯಾಕ ನೀ ಯಾರು?”

ಈ ಕೊನೆಯ ಮಾತನ್ನು ನಾನು ಆಡಲಿಲ್ಲ ಎಂದು ನಂಬಲು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ. ನನ್ನ ನೆನಪು ಎಷ್ಟೋ ಕಡೆ ನನ್ನ ಪರವಾಗಿ ತಿದ್ದಿಕೊಂಡಿದೆ, ಇಲ್ಲಿಯೂ ತಿದ್ದಿಕೊಳ್ಳಬಹುದಿತ್ತು. ಆದರೆ ಒಮ್ಮೆ ಕಾಕಾನನ್ನು ಕೇಳಿದೆ. “ಅಂದಿ,” ಎಂದ ಅವನು. ಅಷ್ಟೇ.

ಚಿಗವ್ವ ಗಂಟು ಬಿಚ್ಚಿ ಬೀಗದ ಕೈಯನ್ನು ಚಹಾದ ತಾಟಿನಲ್ಲಿಟ್ಟಳು. “ನನ್ನ ಮುಂದ ಹಚ್ಚು,” ಎಂದು ಗೋಡೆಗೊರಗಿ ಕೂತಳು.

ಪ್ಲೇಟು ಟ್ರಂಕಿನಲ್ಲಿ ಮೇಲೆಯೇ ಇತ್ತು. ಒಡೆದಿರಲಿಲ್ಲ. ಅದನ್ನು ತಟ್ಟೆಯ ಮೇಲಿಟ್ಟು ಗುಂಡಿ ಒತ್ತಿದೆ. ಕೆಂಪು ಬೆಳಕಿನಲ್ಲಿ ಚುಕ್ಕೆಗಳು ಒಂದು ಸಲ ನಡುಗಿ ನಿಂತವು. ಖಾಜಾಸಾಬ್ ತೋಳನ್ನು ಇಳಿಸಿದ.

ಹುಡುಗಿಯೊಬ್ಬಳು ಹಾಡತೊಡಗಿದಳು. ಇಪ್ಪತ್ತು ತುಂಬದ ದನಿ. ಹಗುರ, ಚುರುಕು, ಮಾತಿನಿಂದ ಮಾತಿಗೆ ಜಿಗಿಯುವಂಥದ್ದು. ಕೊಡ ಹೊತ್ತ ಹೆಂಗಸು ಎಲ್ಲಿಯೂ ಇರಲಿಲ್ಲ. ನನಗೆ ನಗು ಬಂದಂತಾಯಿತು. ನಮ್ಮವ್ವ ನನಗಿಂತ ಚಿಕ್ಕವಳು. ಇಷ್ಟು ವರ್ಷ ಅವಳನ್ನು ಮುದುಕಿ ಮಾಡಿಟ್ಟಿದ್ದೆವಲ್ಲ ಎಂದು ಅವರಿಬ್ಬರ ಕಡೆ ತಿರುಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಖಾಜಾಸಾಬ್ ತೊಡೆ ತಟ್ಟಿದ.

“ನೋಡ್ರಿ ಸಾರ್, ಎಷ್ಟು ಸಾಫ್ ಐತಿ. ಹಾಡಾಕಿ ಉಸುರು ಎಳಕೊಳ್ಳೋದು ಸೈತ ಕೇಳ್ತೈತಿ. ಹಲ್ಲಿನ ಸಂದ್ಯಾಗಿಂದ ಗಾಳಿ ಹೊಕ್ಕಂಗ. ಕೇಳ್ರಿ, ಈಗ ಬರತೈತಿ ನೋಡ್ರಿ.”

ಬಂತು. ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ, ಸುಯ್.

ಖಾಜಾಸಾಬ್ ಒಬ್ಬನೇ ನಗುತ್ತಿದ್ದ. ಕಾಕಾ ತನ್ನ ಬೆರಳಿಗೆ ಅಂಟಿದ ಪಂಕ್ಚರ್ ಸಲ್ಯೂಷನ್ ಕೆರೆಯುತ್ತಿದ್ದ. ನಾನು ಹಿಂದೆ ತಿರುಗಲಿಲ್ಲ. ಇನ್ನೊಂದು ಸಾಲು ಮುಗಿಯಿತು, ಸುಯ್. ಹಳೆಯ ಮಿಷೀನಿನ ಮೊಂಡು ಮುಳ್ಳಿಗೂ ಹರಕು ಸ್ಪೀಕರಿಗೂ ಎಂದೂ ದಕ್ಕದಿದ್ದ ಸದ್ದು. ಮಂಚದ ಕೆಳಗೆ ಅಡಗಿ ಕೂತವನು ಅದನ್ನು ಎಷ್ಟು ಸಲ ಕೇಳಿದ್ದೆನೆಂಬುದಕ್ಕೆ ಲೆಕ್ಕವಿಲ್ಲ. ಬೇರೆ ಪುರಾವೆ ಬೇಕಿರಲಿಲ್ಲ.

ನನ್ನ ಕೈ ತಾನಾಗಿ ಜಾರುಗುಂಡಿಯ ಮೇಲೆ ಹೋಯಿತು. ಮೇಲಕ್ಕೆ ಸರಿಸಿದೆ. ನಿಂತಿದ್ದ ಚುಕ್ಕೆಗಳು ಹಿಂದಕ್ಕೆ ಹರಿಯತೊಡಗಿದವು. ದನಿ ಇಳಿಯಿತು, ದಪ್ಪವಾಯಿತು, ಮೆಟ್ಟಿಲು ಹತ್ತತೊಡಗಿತು. ಅವ್ವ ಬಂದಳು. ಕೊನೆಯ ಗೆರೆಯವರೆಗೆ ಸರಿಸಿದಾಗ ಅದು ಹುಬೇಹೂಬು ಸೋಮವಾರದ ದನಿ. ಫಿಜಿಕ್ಸ್ ಮೇಷ್ಟ್ರು ಆ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದಿದ್ದನೋ ಗೊತ್ತಿಲ್ಲ. ಸಿಳ್ಳು ಕೂಡ ಇಳಿದಿತ್ತು, ಆದರೆ ಹೋಗಿರಲಿಲ್ಲ.

“ನಡುವ ಇಡು, ಕೊಟ್ರಾ,” ಎಂದಳು ಚಿಗವ್ವ ಹಿಂದಿನಿಂದ. “ಖರೇ ಇದ್ದಂಗ ಇರ್ಲಿ.”

ನಡುವೆ ತಂದೆ. ಖಾಜಾಸಾಬ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, “ಆಟೋದಾಂವ ಅದಾನೋ ಹೋಗ್ಯಾನೋ ನೋಡಿ ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡ. ಆ ಕಡೆಯ ಪದ ಮುಗಿದು, ಮುಳ್ಳು ಒಳಗಿನ ಗೆರೆಯಲ್ಲಿ ಟಪ್ ಟಪ್ ಎನ್ನುತ್ತಿತ್ತು.

“ಅಕ್ಕ ಹೋದ ಮ್ಯಾಲ ಮೂರು ದಿನ ನೀ ಕೂಳು ಮುಟ್ಟಲಿಲ್ಲ,” ಎಂದಳು ಚಿಗವ್ವ. “ಅವ್ವ ಬೇಕು, ಅವ್ವ ಬೇಕು. ಬಾಗಲ ಬಿಟ್ಟು ಒಳಗ ಬರಲಿಲ್ಲ. ನನಗರ ಎಷ್ಟು ವಯಸ್ಸು ಆಗ. ಏನು ಮಾಡಬೇಕು ತಿಳೀಲಿಲ್ಲ. ಇದನ್ನ ಹಚ್ಚಿ, ನೋಡು, ನಿಮ್ಮವ್ವ ಹಾಡಾಕತ್ತ್ಯಾಳ, ಉಣ್ಣು ಅಂದ್ನಿ. ಉಂಡಿ. ಆಮ್ಯಾಲ ಆ ಮಾತು ತಿರುಗಿ ತಗೊಳ್ಳಾಕ ಆಗಲಿಲ್ಲ.”

“ಅದಕ್ಕ ಹಾಡೋದು ಬಿಟ್ಯಾ?”

“ಹಾಡಿದ್ರ ಗುರುತು ಹಿಡಿದುಬಿಡ್ತಿದ್ದಿ. ನಿನ್ನ ಕಿವಿ ನಾಯಿ ಕಿವಿ.”

“ನನ್ನ ಟ್ಯೂಬು ಸಡ್ಲ ಇದ್ದದ್ದು ಪುಣ್ಯ,” ಎಂದ ಕಾಕಾ, ಬೆರಳು ಕೆರೆಯುವುದನ್ನು ಬಿಡದೆ. “ಮೊದಲು ಗೊತ್ತಾಗದಂಗ ಸಡ್ಲ ಆತು. ಆಮ್ಯಾಲ ಇವಳ ದನಿ ಅಲ್ಲ ಅನ್ನಂಗ ಕೇಳಾಕತ್ತಿತು ನೋಡು, ಬೆಲ್ಟು ತರಲೇ ಇಲ್ಲ. ಹೊಸಾ ಉಂಗುರ ಹಾಕಿದಾಗೊಮ್ಮೆ ಎಳದು ಎಳದು ಸಡ್ಲ ಮಾಡಿ ಹಾಕ್ತಿದ್ನಿ.”

ಊರಿನವರ ಪವಾಡಗಳನ್ನೆಲ್ಲ ಜರಡಿ ಹಿಡಿದ ನನ್ನನ್ನು ಪಂಕ್ಚರ್ ಅಂಗಡಿಯವನೊಬ್ಬ ಇಪ್ಪತ್ತೈದು ವರ್ಷ ಒಂದು ರಬ್ಬರ್ ಉಂಗುರದಲ್ಲಿ ಕಟ್ಟಿಹಾಕಿದ್ದ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ. ಅವತ್ತು ಪಡಸಾಲೆಯಲ್ಲಿ ಕೂತಿದ್ದವನಿಗೆ ಒಂದೇ ತಿಳಿಯುತ್ತಿತ್ತು: ಇನ್ನು ಕಣ್ಣು ಮುಚ್ಚಿದರೆ ಅಲ್ಲಿ ಯಾರೂ ಇಲ್ಲ. ಮೂವತ್ತರ ಹತ್ತಿರದ ಗಂಡಸಿಗೆ ಎರಡನೆಯ ಸಲ ಅವ್ವ ಸತ್ತಿದ್ದಳು, ಮತ್ತು ಈ ಸಲ ನಾನೇ ಬಸ್ಸಿನಲ್ಲಿ ಹೊತ್ತು ತಂದ ಮಿಷೀನಿನಿಂದ.

“ಹಂಗಾದ್ರ ನಮ್ಮವ್ವ?” ಎಂದೆ.

“ಅದರಾಗೇ ಅದಾಳ.”

“ಎಲ್ಲಿ?”

“ಮತ್ತೊಮ್ಮೆ ಹಚ್ಚು. ನನ್ನ ಹಾಡು ಬಿಡು. ಹಿಂದ ಕೇಳು.”

ಹಚ್ಚಿದೆ. ಹಾಡಿನ ಹಿಂದೆ, ಹಾರ್ಮೋನಿಯಮ್ಮಿನ ಹಿಂದೆ, ಒಂದು ಸಣ್ಣ ಕಂಚಿನ ಸದ್ದು ಇತ್ತು. ಭಜನೆಯಲ್ಲಿ ಬೆರಳಿಗೆ ದಾರ ಸುತ್ತಿ ಹಿಡಿಯುತ್ತಾರಲ್ಲ, ಆ ಜೋಡಿ ತಾಳ. ಹಳೆಯ ಮಿಷೀನಿನಲ್ಲಿ ಅದು ಟಿಕ್ ಟಿಕ್ ಎಂದಷ್ಟೇ ಕೇಳಿಸುತ್ತಿತ್ತು. ಪ್ಲೇಟಿನ ಮೇಲಿನ ಗೀರು ಎಂದುಕೊಂಡಿದ್ದೆ. ಇಲ್ಲಿ ಅದು ಹೊಡೆದು, ಮಿನುಗಿ, ಆರುವವರೆಗೂ ಕೇಳಿಸಿತು.

“ಗಂಟಲು ಕಟ್ಟಿದ್ದು ನಂದಲ್ಲ,” ಎಂದಳು ಚಿಗವ್ವ. “ಯಾರದೂ ಅಲ್ಲ. ಅಕ್ಕಗ ಆರು ತಿಂಗಳು. ದಮ್ಮು ಸಾಲ್ತಿದ್ದಿಲ್ಲ. ನೀ ಹಾಡು, ನಾ ತಾಳ ಹಾಕ್ತೀನಿ ಅಂದ್ಲು. ರೆಕಾರ್ಡಿಂಗಿನ ಆ ಗಾಜಿನ ಕ್ವಾಣಿ ನೋಡಿ ನಾ ಅಂಜಿದ್ನಿ. ಆಕಿ ತಾಳ ನೋಡ್ಕೊಂತ ಹಾಡಿದ್ನಿ. ಈಗ ಮೂರನೇ ನುಡಿ ಬರತೈತಿ. ಅಲ್ಲಿ ಒಂದು ತಾಳ ಬಿಟ್ಟಾಳ. ಸಾವ್ಕಾರ ಮತ್ತೊಮ್ಮೆ ಹಾಡ್ರಿ ಅಂದ. ರೆಕಾರ್ಡ್ ಮಾಡೋನು ವ್ಯಾಳ್ಯಾ ಇಲ್ಲ ಅಂದ. ಹಂಗೇ ಉಳೀತು.”

“ಯಾಕ ಬಿಟ್ಲು?”

“ನೀ ಒದ್ದಿ.”

ಮೂರನೇ ನುಡಿ ಬಂತು. ತಾಳ ಬರುತ್ತಿತ್ತು, ಒಂದು ಕಡೆ ಬರಲಿಲ್ಲ, ಮತ್ತೆ ಸೇರಿಕೊಂಡಿತು.

ನನ್ನ ತಲೆ ಆಗಲೇ ತನ್ನ ಕೆಲಸ ಶುರುಮಾಡಿತ್ತು. ತಾಳ ಹಾಕಿದವನು ಆ ಸ್ಟುಡಿಯೋದ ಸಂಬಳದವನೇ ಇರಬಹುದು. ಆ ಜಾಗದಲ್ಲಿ ಗೆರೆ ಸವೆದು ಒಂದು ಪೆಟ್ಟು ಅಳಿಸಿಹೋಗಿರಬಹುದು. ಆರು ತಿಂಗಳು ಎಂದರೆ ನಾನು ಹುಟ್ಟುವ ಮೂರು ತಿಂಗಳ ಮುಂಚೆ. ಪ್ಲೇಟು ಆ ವರ್ಷವೇ ಆದದ್ದೋ ಅಲ್ಲವೋ ವಿಚಾರಿಸುವುದು ಕಷ್ಟವೇನಲ್ಲ, ಮಿಲ್ಲು ಎರಡು ಬೀದಿ ಆಚೆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹಸಿದ ಹುಡುಗನಿಗೆ ಉಣ್ಣಿಸಲು ಅಷ್ಟು ದೊಡ್ಡ ಸುಳ್ಳು ಹೇಳಿ ಅದನ್ನು ಅಷ್ಟು ವರ್ಷ ಕಾಯ್ದವಳು, ಎದುರಿಗೆ ಮುಖ ಬಾಡಿಸಿ ಕೂತ ಗಂಡಸಿಗೆ ಇನ್ನೊಂದನ್ನು ಹೇಳಲಾರಳೇ?

ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಪ್ರಶ್ನೆಗಳನ್ನೆಲ್ಲ ಅವು ಬಾಯಿಗೆ ಬರುವ ಮುಂಚೆ ಕಂಡವಳು ಅವಳು. ಈಗಲೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು, ಕೇಳಿದರೆ ಹೇಳುವವಳಂತೆ.

ನಾನು ಕೇಳಲಿಲ್ಲ. ತೋಳನ್ನು ಎತ್ತಿ ನಾಲ್ಕು ಗೆರೆ ಹಿಂದಕ್ಕೆ ತಂದು, ಮೂರನೇ ನುಡಿಯ ಮೇಲೆ ಇಳಿಸಿದೆ. ತಾಳ ಬಂತು. ಬಂತು. ಬಂತು. ಆಮೇಲಿನದು ಬರಲಿಲ್ಲ.